ಧ್ರುವದ ಆಕಾಶ ಬಿಸಿಯಾದರೆ ಶಿರಸಿಗೆ ಥಂಡಿ ಬರುತ್ತದೆಯೇ?

ಜನವರಿ ಬಂತೆಂದರೆ ಈ ಸುದ್ದಿಯೂ ಬರುತ್ತದೆ. ಉತ್ತರ ಧ್ರುವದ ಮೇಲಿನ ಆಕಾಶದಲ್ಲಿ ನಾಲ್ಕೈದು ದಿನಗಳಲ್ಲೇ ತಾಪಮಾನ 40-50 ಡಿಗ್ರಿ ಏರಿತಂತೆ, ಪೋಲಾರ್ ವೋರ್ಟೆಕ್ಸ್ ಒಡೆಯಿತಂತೆ, ಇನ್ನು ಜಗತ್ತೇ ನಡುಗುತ್ತದಂತೆ. ಯೂಟ್ಯೂಬಿನಲ್ಲಿ ಕೆಂಪು ನೀಲಿ ನಕ್ಷೆ, ಹಿಂದೆ ಢಂ ಢಂ ಸಂಗೀತ. ಅಲ್ಲಿಂದ ವಾಟ್ಸಾಪಿಗೆ. ಶಿರಸಿಯಲ್ಲಿ ಅಡಿಕೆ ವಖಾರಿಯ ಎದುರು ಚಾ ಕುಡಿಯುವವರ ಬಾಯಿಗೆ ಬರುವಷ್ಟರಲ್ಲಿ ಅದು ಹೀಗಾಗಿರುತ್ತದೆ: "ಈ ಸಲ ಥಂಡಿ ಜೋರಂತೆ ಮಾರಾಯಾ, ಧ್ರುವದಲ್ಲಿ ಎಂತದೋ ಒಡೆದಿದೆಯಂತೆ." ಕಾರವಾರದಲ್ಲಿ ಅದೇ ಸುದ್ದಿಗೆ ಬೇರೆಯೇ ಅರ್ಥ. "ಧ್ರುವದಲ್ಲೇ 50 ಡಿಗ್ರಿ ಏರಿದೆ ಅಂದ್ರೆ ಹಿಮ ಎಲ್ಲ ಕರಗಿ ಸಮುದ್ರ ಮನೆ ಬಾಗಿಲಿಗೇ ಬರ್ತದೆ ಅಲ್ವಾ?"

ಎರಡೂ ತಪ್ಪು. ಆದರೆ ಸುದ್ದಿ ಮಾತ್ರ ಸುಳ್ಳಲ್ಲ. ನೆಲದಿಂದ ಸುಮಾರು 30 ಕಿ.ಮೀ. ಎತ್ತರದಲ್ಲಿ, ಸೂರ್ಯನೇ ಕಾಣದ ಚಳಿಗಾಲದ ನಡುವೆ, ತಾಪಮಾನ ಒಮ್ಮೆಲೇ ಅಷ್ಟು ಏರುವುದು ನಿಜ. ಬಿಸಿಲಿಲ್ಲ, ಬೆಂಕಿಯಿಲ್ಲ, ಬಿಸಿ ಎಲ್ಲಿಂದ ಬಂತು? ಇದನ್ನು ಕೇಳಿಕೊಳ್ಳದೆ ಮುಂದೆ ಹೋದರೆ ಯಾವ ಅರ್ಥವನ್ನು ಬೇಕಾದರೂ ಕಟ್ಟಬಹುದು. ಉತ್ತರ ತಿಳಿಯಲು ಆರ್ಕ್ಟಿಕ್ ತನಕ ಹೋಗಬೇಕಾಗಿಲ್ಲ. ಅದೇ ಕೆಲಸವನ್ನು ದೇವಿಮನೆ ಘಟ್ಟ ಇಳಿಯುವ ಗಾಳಿ ನಮ್ಮ ಜಿಲ್ಲೆಯಲ್ಲಿ ಪ್ರತಿ ಚಳಿಗಾಲವೂ ಮಾಡುತ್ತದೆ.

ನೆತ್ತಿಯ ಮೇಲಿನ ಮೈನಸ್ 80

ಮೊದಲು ನಮ್ಮದೇ ಆಕಾಶ ನೋಡೋಣ. ಪಣಜಿಯಲ್ಲೂ ಮಂಗಳೂರಿನಲ್ಲೂ ಹವಾಮಾನ ಇಲಾಖೆ ಬಲೂನು ಹಾರಿಸುತ್ತದೆ. ಬಲೂನಿನ ಕೆಳಗೆ ದಾರದಲ್ಲಿ ಒಂದು ಪುಟ್ಟ ಡಬ್ಬಿ. ಅದರಲ್ಲಿ ತಾಪಮಾನ, ತೇವ ಅಳೆಯುವ ಉಪಕರಣ, ಜೊತೆಗೊಂದು ರೇಡಿಯೋ. ಏರುತ್ತಾ ಏರುತ್ತಾ ಲೆಕ್ಕ ಕಳಿಸುತ್ತದೆ, ಕೊನೆಗೆ ಒಡೆದು ಬೀಳುತ್ತದೆ. ಕಾರವಾರ ಈ ಎರಡು ಊರುಗಳ ನಡುವೆ ಇದೆ, ಹಾಗಾಗಿ ನಮ್ಮ ಆಕಾಶದ ಅಂದಾಜು ಅದರಿಂದಲೇ ಸಿಗುತ್ತದೆ.

ಬಲೂನು ಮೇಲೆ ಹೋದಂತೆ ಚಳಿ ಜಾಸ್ತಿಯಾಗುತ್ತದೆ. ಕಿ.ಮೀ.ಗೆ ಸರಾಸರಿ ಆರೂವರೆ ಡಿಗ್ರಿ ಇಳಿಕೆ ಎಂದು ಇಟ್ಟುಕೊಳ್ಳಿ. 16-17 ಕಿ.ಮೀ. ಮುಟ್ಟುವಾಗ ಸುಮಾರು ಮೈನಸ್ 80 ಡಿಗ್ರಿ. ಕಾರವಾರದಿಂದ ಅಂಕೋಲಾಕ್ಕೆ ಹೋಗುವ ದಾರಿಯ ಅರ್ಧದಷ್ಟು ಎತ್ತರ, ಅಷ್ಟೇ. ಟ್ಯಾಗೋರ್ ಕಡಲತೀರದಲ್ಲಿ ಬೆವರು ಒರೆಸುತ್ತಾ ನಿಂತವನ ನೆತ್ತಿಯ ಮೇಲೇ ಇಷ್ಟು ಚಳಿ ಇದೆ. ಬೇಸಿಗೆಯಲ್ಲಿ ಉತ್ತರ ಧ್ರುವದ ಮೇಲೆ ಅದೇ ಎತ್ತರಕ್ಕೆ ಹೋದರೆ ಮೈನಸ್ 45ರ ಆಸುಪಾಸು ಸಿಗುತ್ತದೆ. ಅಂದರೆ ಆ ಮಟ್ಟದಲ್ಲಿ ಧ್ರುವಕ್ಕಿಂತ ನಮ್ಮ ಆಕಾಶವೇ ತಣ್ಣಗೆ. ನೆಲದ ಮೇಲಿನ ಬಿಸಿ-ಚಳಿಯ ಅನುಭವ ಹಿಡಿದುಕೊಂಡು ಮೇಲಿನ ಲೆಕ್ಕ ಹಾಕಬಾರದು ಎನ್ನಲು ಇಷ್ಟು ಸಾಕು.

ಅಲ್ಲಿಂದ ಮೇಲೆ ಕತೆ ತಿರುಗುತ್ತದೆ. ಏರಿದಂತೆ ಬಿಸಿ ಹೆಚ್ಚುತ್ತಾ 50 ಕಿ.ಮೀ. ಹತ್ತಿರ ಸೊನ್ನೆ ಡಿಗ್ರಿಯ ಸುತ್ತಮುತ್ತ ಬರುತ್ತದೆ. ಈ ಪದರವೇ ಸ್ಟ್ರಾಟೋಸ್ಫಿಯರ್. ಇಲ್ಲಿರುವ ಓಝೋನ್ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ, ಹೀರಿಕೊಂಡು ಬಿಸಿಯಾಗುತ್ತದೆ.

ಈಗ ಧ್ರುವದ ಚಳಿಗಾಲಕ್ಕೆ ಬನ್ನಿ. ತಿಂಗಳುಗಟ್ಟಲೆ ಸೂರ್ಯನಿಲ್ಲ. ಓಝೋನ್ ಇದ್ದರೂ ಹೀರಿಕೊಳ್ಳಲು ಕಿರಣವೇ ಇಲ್ಲ. ಇತ್ತ ಗಾಳಿ ತನ್ನಲ್ಲಿರುವ ಶಾಖವನ್ನು ಬಾಹ್ಯಾಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ. ಆದಾಯ ಇಲ್ಲ, ಖರ್ಚು ನಿಂತಿಲ್ಲ. ತಾಪಮಾನ ಇಳಿದು ಇಳಿದು ಮೈನಸ್ 80ರ ಹತ್ತಿರ ಹೋಗುತ್ತದೆ. ದಕ್ಷಿಣ ಧ್ರುವದ ಮೇಲಾದರೆ ಮೈನಸ್ 90.

ಧ್ರುವದ ಮೇಲೆ ಇಷ್ಟು ಚಳಿ, ಸ್ವಲ್ಪ ದಕ್ಷಿಣಕ್ಕೆ ಬಿಸಿಲಿದ್ದಲ್ಲಿ ಅಷ್ಟಿಲ್ಲ. ಈ ವ್ಯತ್ಯಾಸ, ಜೊತೆಗೆ ಭೂಮಿಯ ತಿರುಗಾಟ, ಎರಡೂ ಸೇರಿ ಧ್ರುವದ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ದೊಡ್ಡ ಸುಳಿಗಾಳಿಯನ್ನು ಹುಟ್ಟಿಸುತ್ತವೆ. ಟಿವಿಯವರು ಹೇಳುವ ಪೋಲಾರ್ ವೋರ್ಟೆಕ್ಸ್ ಇದೇ. ಗಂಟೆಗೆ 200 ಕಿ.ಮೀ. ದಾಟುವ ವೇಗ ಅದಕ್ಕೆ ಮಾಮೂಲು. ಉತ್ತರದಲ್ಲಿ ಶರತ್ಕಾಲದಲ್ಲಿ ಹುಟ್ಟಿ, ವಸಂತದಲ್ಲಿ ಸೂರ್ಯ ಮರಳಿದ ಮೇಲೆ ತಾನಾಗಿ ಕರಗುತ್ತದೆ. ಪ್ರತಿ ವರ್ಷ ಹುಟ್ಟುವ, ಪ್ರತಿ ವರ್ಷ ಸಾಯುವ ಈ ಗಾಳಿಯನ್ನು ಹೊಸದಾಗಿ ಕಂಡುಹಿಡಿದ ರಾಕ್ಷಸನಂತೆ ತೋರಿಸುವುದು ಯಾಕೋ, ಚಾನೆಲ್‌ನವರನ್ನೇ ಕೇಳಬೇಕು.

ಬರ್ಲಿನ್‌ನ ಬಲೂನುಗಳು

1952ರ ಚಳಿಗಾಲ. ಬರ್ಲಿನ್‌ನಲ್ಲಿ ರಿಚರ್ಡ್ ಶೆರ್ಹಾಗ್ ಎಂಬ ಹವಾಮಾನ ತಜ್ಞರ ತಂಡ ಟೆಂಪಲ್‌ಹಾಫ್ ವಿಮಾನ ನಿಲ್ದಾಣದಿಂದ ಬಲೂನು ಹಾರಿಸುತ್ತಿತ್ತು. 30 ಕಿ.ಮೀ. ಎತ್ತರದ ಲೆಕ್ಕದಲ್ಲಿ ವಿಚಿತ್ರ ಕಾಣಿಸಿತು. ಎರಡೇ ದಿನಗಳ ಅಂತರದಲ್ಲಿ ತಾಪಮಾನ ಹತ್ತಾರು ಡಿಗ್ರಿ ಜಿಗಿದಿತ್ತು. ಉಪಕರಣ ಕೆಟ್ಟಿರಲಿಲ್ಲ. ಗುಮಾನಿ ಮೊದಲು ಹೋದದ್ದು ಸೂರ್ಯನ ಮೇಲೆ, ಅಲ್ಲಿ ಆದ ಸ್ಫೋಟದಿಂದ ಹೀಗಾಗಿರಬಹುದು ಎಂದು. ಅದಲ್ಲ ಎಂದು ಗೊತ್ತಾಗಲು, ಸರಿಯಾದ ವಿವರಣೆ ಸಿಗಲು ಸುಮಾರು ಎರಡು ದಶಕ ಬೇಕಾಯಿತು. 1971ರಲ್ಲಿ ಜಪಾನಿನ ತಾರೋ ಮತ್ಸುನೊ ಅದನ್ನು ಬಿಡಿಸಿ ಹೇಳಿದರು: ಕಾರಣ ಮೇಲಿಲ್ಲ, ಕೆಳಗಿದೆ.

ಹೇಗೆ ಅಂದರೆ, ಹಿಮಾಲಯ, ಟಿಬೆಟ್, ಅಮೆರಿಕದ ರಾಕಿ ಪರ್ವತಗಳು ಗಾಳಿಯ ದಾರಿಗೆ ಅಡ್ಡ ನಿಂತಿವೆ. ಚಳಿಗಾಲದಲ್ಲಿ ನೆಲ ತಣ್ಣಗೆ, ಪಕ್ಕದ ಸಮುದ್ರ ಅದಕ್ಕಿಂತ ಬಿಸಿ. ಇವೆಲ್ಲ ಗಾಳಿಯಲ್ಲಿ ಸಾವಿರಾರು ಕಿ.ಮೀ. ಉದ್ದದ ಅಲೆಗಳನ್ನು ಎಬ್ಬಿಸುತ್ತವೆ. ಆ ಅಲೆಗಳು ಮೇಲಕ್ಕೂ ಹತ್ತುತ್ತವೆ. ಮೇಲೆ ಗಾಳಿ ತೆಳ್ಳಗಾದಂತೆ ಅಲೆ ದೊಡ್ಡದಾಗುತ್ತಾ ಹೋಗಿ, ಒಂದು ಕಡೆ ಮುರಿದು ಬೀಳುತ್ತದೆ. ಬೀಳುವಾಗ ಧ್ರುವದ ಸುಳಿಯನ್ನು ಎದುರಿನಿಂದ ತಳ್ಳುತ್ತದೆ. ಸುಳಿಯ ವೇಗ ತಗ್ಗುತ್ತದೆ. ಅಲೆ ಜೋರಾಗಿದ್ದು ದಿನಗಟ್ಟಲೆ ಬರುತ್ತಲೇ ಇದ್ದರೆ ಸುಳಿ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಎರಡು ಹೋಳಾಗುತ್ತದೆ. 2009ರ ಜನವರಿಯಲ್ಲಿ ಹಾಗೆ ಹೋಳಾದದ್ದನ್ನು ವಿಜ್ಞಾನಿಗಳು ಈಗಲೂ ಉದಾಹರಣೆಗೆ ತೆಗೆದುಕೊಳ್ಳುತ್ತಾರೆ.

ಸುಳಿ ನಿಧಾನವಾದ ಕೂಡಲೇ ಗಾಳಿ ಧ್ರುವದ ಕಡೆ ನುಗ್ಗುತ್ತದೆ. ಎಲ್ಲ ದಿಕ್ಕಿನಿಂದಲೂ ಅಲ್ಲಿಗೇ ಬಂದು ಸೇರಿದ ಗಾಳಿಗೆ ಹೋಗಲು ಜಾಗ ಎಲ್ಲಿ? ಕೆಳಗೇ. ಅದು ಕುಸಿಯುತ್ತದೆ. ಕೆಳಗೆ ಒತ್ತಡ ಜಾಸ್ತಿ, ಆದ್ದರಿಂದ ಗಾಳಿ ಕುಗ್ಗುತ್ತದೆ, ಕುಗ್ಗಿದಾಗ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ಇದರಿಂದಲೇ. ಒಣ ಗಾಳಿ ಒಂದು ಕಿ.ಮೀ. ಇಳಿದರೆ ಸುಮಾರು 10 ಡಿಗ್ರಿ ಏರುತ್ತದೆ. ಐದು ಕಿ.ಮೀ. ಇಳಿದರೆ 50. ಸುದ್ದಿಯಲ್ಲಿದ್ದ ಅಂಕಿ ಬಂತಲ್ಲ!

ಮೂಡಗಾಳಿಯ ಲೆಕ್ಕ

ಇದನ್ನು ನಮ್ಮ ಘಟ್ಟದಲ್ಲಿ ನೋಡೋಣ. ಜನವರಿ-ಫೆಬ್ರವರಿಯಲ್ಲಿ ಬಯಲುಸೀಮೆಯ ಕಡೆಯಿಂದ ಒಣ ಮೂಡಗಾಳಿ ಬೀಸುತ್ತದೆ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಅಲ್ಲಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾ, ಅತ್ತ ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಗಾಳಿಯೂ ಅದೇ ದಾರಿ ಹಿಡಿಯುತ್ತದೆ. 590 ಮೀಟರ್ ಇಳಿಯುವಷ್ಟರಲ್ಲಿ ಹತ್ತಿರ ಹತ್ತಿರ ಆರು ಡಿಗ್ರಿ ಬಿಸಿಯಾಗಿರುತ್ತದೆ. ದಾರಿಯಲ್ಲಿ ಯಾರೂ ಒಲೆ ಹಚ್ಚಿಲ್ಲ. ಸೂರ್ಯನೂ ಹೆಚ್ಚುವರಿ ಏನೂ ಕೊಟ್ಟಿಲ್ಲ. ಇಳಿದದ್ದೇ ಸಾಕಾಯಿತು.

ಮಧ್ಯಾಹ್ನ ಶಿರಸಿಯಲ್ಲಿ 31 ಡಿಗ್ರಿ ಇದ್ದ ಗಾಳಿ ಕರಾವಳಿಗೆ ಬರುವಾಗ 37ರ ಹತ್ತಿರ ಆಗುವುದು ಹೀಗೆ. ಸಾಮಾನ್ಯವಾಗಿ ಹೊತ್ತೇರಿದ ಮೇಲೆ ಕಡಲಗಾಳಿ ಎದ್ದು ಕಾರವಾರ, ಹೊನ್ನಾವರವನ್ನು ತಂಪು ಮಾಡುತ್ತದೆ. ಮೂಡಗಾಳಿ ಜೋರಿದ್ದ ದಿನ ಅದು ಕಡಲಗಾಳಿಯನ್ನು ದಡಕ್ಕೇ ಬಿಡುವುದಿಲ್ಲ, ಮಧ್ಯಾಹ್ನ ಕಳೆಯುವ ತನಕ ತಡೆದು ನಿಲ್ಲಿಸುತ್ತದೆ. ಅವತ್ತು ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಕಲಬುರಗಿ, ರಾಯಚೂರನ್ನೂ ಹಿಂದೆ ಹಾಕಿ ಕಾರವಾರ, ಹೊನ್ನಾವರ ರಾಜ್ಯಕ್ಕೇ ಮೊದಲು ಬರುವುದುಂಟು. "ಚಳಿಗಾಲದಲ್ಲಿ ಇದೆಂತ ಸೆಕೆ" ಎಂದು ಜನ ಬೈಯುತ್ತಾರೆ. ಆದರೆ ಬೆವರು ಅಂಟುವುದಿಲ್ಲ, ತುಟಿ ಒಡೆಯುತ್ತದೆ, ಹಗ್ಗಕ್ಕೆ ಹಾಕಿದ ಬಟ್ಟೆ ಬೇಗ ಒಣಗುತ್ತದೆ. ಇಳಿದು ಬಂದ ಗಾಳಿಯ ಗುರುತು ಅದು. ಕಾಯುವ ಹೊತ್ತಿಗೆ ಅದರ ತೇವದ ಪಾಲು ತಗ್ಗಿರುತ್ತದೆ.

ಆ ದಿನ ಕಾರವಾರಕ್ಕೆ ಎಲ್ಲಿಂದಲೋ ಬಿಸಿ ಬಂತು ಎನ್ನಲಾಗುತ್ತದೆಯೇ? ಗಾಳಿ ಇದ್ದ ಜಾಗ ಬದಲಾಯಿತು, ಅಷ್ಟೇ. ಮತ್ತೆ ಘಟ್ಟ ಹತ್ತಿಸಿದರೆ ಆ ಆರು ಡಿಗ್ರಿ ಹೊರಟುಹೋಗುತ್ತದೆ. ಧ್ರುವದ 50 ಡಿಗ್ರಿಯೂ ಇದೇ ಜಾತಿಯದು. ನೂರಾರು ಮೀಟರ್ ಇದ್ದ ಕಡೆ ಕಿ.ಮೀ.ಗಳು, ಒಂದು ಘಟ್ಟ ಇದ್ದ ಕಡೆ ಇಡೀ ಧ್ರುವ.

ಇದರ ಅತಿರೇಕ ಇನ್ನೂ ಮೇಲಿದೆ. 85-90 ಕಿ.ಮೀ. ಎತ್ತರಕ್ಕೆ ಹೋದರೆ ಇಡೀ ವಾಯುಮಂಡಲದ ಅತ್ಯಂತ ಚಳಿಯ ಜಾಗ ಸಿಗುತ್ತದೆ, ಮೈನಸ್ 130 ಡಿಗ್ರಿಗೂ ಕೆಳಗೆ. ಅದು ಯಾವ ಧ್ರುವದ ಮೇಲೆ ಗೊತ್ತಾ? ಬೇಸಿಗೆ ಇರುವ ಧ್ರುವದ ಮೇಲೆ! ದಿನದ 24 ಗಂಟೆಯೂ ಬಿಸಿಲು ಬೀಳುವ ಕಡೆ ಅತಿ ಚಳಿ, ತಿಂಗಳುಗಟ್ಟಲೆ ಕತ್ತಲಿರುವ ಕಡೆ ಅದಕ್ಕಿಂತ ಬಿಸಿ. ಕಾರಣ ಅದೇ. ಅಷ್ಟು ಮೇಲೆ ಗಾಳಿ ಬೇಸಿಗೆಯ ಧ್ರುವದಲ್ಲಿ ಏರುತ್ತದೆ, ಹಿಗ್ಗಿ ತಣ್ಣಗಾಗುತ್ತದೆ. ಅಲ್ಲಿಂದ ಇನ್ನೊಂದು ಧ್ರುವಕ್ಕೆ ಹರಿದು, ಅಲ್ಲಿ ಇಳಿದು ಬಿಸಿಯಾಗುತ್ತದೆ. ಬೇಸಿಗೆಯ ಧ್ರುವದ ಆ ಚಳಿಯಲ್ಲಿ ಇರುವ ಅಷ್ಟಿಷ್ಟು ತೇವವೂ ಹೆಪ್ಪುಗಟ್ಟಿ, ರಾತ್ರಿಯಲ್ಲಿ ಬೆಳ್ಳಗೆ ಹೊಳೆಯುವ ಮೋಡವಾಗುತ್ತದೆ. ಮೇಲಿನ ಆಕಾಶದ ತಾಪಮಾನ ಎಂದರೆ ಬಿಸಿಲಿನ ಲೆಕ್ಕಕ್ಕಿಂತ ಜಾಸ್ತಿ ಗಾಳಿಯ ಏರಿಳಿತದ ಲೆಕ್ಕ.

ಹಿಮ ಕರಗುವ ಭಯಕ್ಕೆ ಇಲ್ಲೇ ಉತ್ತರ ಇದೆ. ಮೈನಸ್ 80 ಇದ್ದದ್ದು 50 ಏರಿದರೆ ಮೈನಸ್ 30. ಸೊನ್ನೆ ಇನ್ನೂ ದೂರ. ಎರಡನೆಯದು, 30 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಮೇಲಿನ ನೂರರಲ್ಲಿ ಒಂದು ಪಾಲು. ವಾಯುಮಂಡಲದ 99 ಪಾಲು ಅದರ ಕೆಳಗಿದೆ. ಅಷ್ಟು ತೆಳು ಗಾಳಿ ಎಷ್ಟೇ ಬಿಸಿಯಾದರೂ ಕೆಳಗಿನ ಹಿಮವನ್ನು ಕರಗಿಸುವ ಶಾಖ ಅದರಲ್ಲಿಲ್ಲ. ಆರ್ಕ್ಟಿಕ್ ಹಿಮ ಕರಗುತ್ತಿರುವುದು ನಿಜ. 1979ರಿಂದ ಈಚೆಗೆ ಅಲ್ಲಿನ ನೆಲಮಟ್ಟದ ತಾಪಮಾನ ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಏರಿದೆ. ಆದರೆ ಅದು ಬೇರೆ ಕತೆ, ನಿಧಾನಕ್ಕೆ ದಶಕಗಳಲ್ಲಿ ನಡೆಯುವ ಕತೆ. ನಾಲ್ಕು ದಿನದ ಜಿಗಿತಕ್ಕೂ ಅದಕ್ಕೂ ಗಂಟು ಹಾಕುವುದು ಸರಿಯಲ್ಲ.

ಹಾಗಾದರೆ ಥಂಡಿ ಎಲ್ಲಿಗೆ ಹೋಗುತ್ತದೆ?

ಸುಳಿ ಒಡೆದ ಪರಿಣಾಮ ಮೇಲಿನಿಂದ ವಾರಗಟ್ಟಲೆ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಕೆಳಗಿನ ಜೆಟ್ ಗಾಳಿ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ವೇಗದ ಗಾಳಿ, ದಕ್ಷಿಣಕ್ಕೆ ಸರಿದು ಅಂಕುಡೊಂಕಾಗುತ್ತದೆ, ಆ ಡೊಂಕಿನ ಒಳಗೆ ಆರ್ಕ್ಟಿಕ್ ಥಂಡಿ ಕೆಳಗೆ ಜಾರುತ್ತದೆ. 2018ರ ಫೆಬ್ರವರಿ ಮಧ್ಯದಲ್ಲಿ ಸುಳಿ ಒಡೆಯಿತು. ತಿಂಗಳ ಕೊನೆಗೆ ಪೂರ್ವದಿಂದ ಬಂದ ಹಿಮಗಾಳಿಗೆ ಬ್ರಿಟನ್ ಸ್ತಬ್ಧವಾಯಿತು, ರೋಮ್‌ನಲ್ಲೂ ಹಿಮ ಬಿತ್ತು. 2021ರ ಜನವರಿ 5ರಂದು ಮತ್ತೊಂದು. ಮರುತಿಂಗಳು ಅಮೆರಿಕದ ಟೆಕ್ಸಾಸ್‌ನಲ್ಲಿ ಥಂಡಿಗೆ ಕರೆಂಟ್ ಹೋಗಿ ಲಕ್ಷಾಂತರ ಮನೆಗಳು ಕತ್ತಲಾದವು. ಟೆಕ್ಸಾಸ್ ವಿಷಯದಲ್ಲಿ ಸುಳಿಯ ಪಾಲು ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ಎಲ್ಲ ಸಲವೂ ಪರಿಣಾಮ ನೆಲ ಮುಟ್ಟುವುದಿಲ್ಲ ಎನ್ನುವುದರಲ್ಲಿ ಮಾತ್ರ ಜಗಳ ಇಲ್ಲ.

ಈ ಪಟ್ಟಿಯಲ್ಲಿರುವುದೆಲ್ಲ ಉತ್ತರದ ಊರುಗಳು. ಶಿರಸಿ ಇರುವುದು ಸುಮಾರು 14.6 ಡಿಗ್ರಿ ಅಕ್ಷಾಂಶದಲ್ಲಿ, ನಡುವೆ ಹಿಮಾಲಯ ಬೇರೆ ನಿಂತಿದೆ. ಆರ್ಕ್ಟಿಕ್ ಥಂಡಿ ನೇರವಾಗಿ ಜಾರಿ ಬನವಾಸಿಗೆ ಬರುವ ದಾರಿಯೇ ಇಲ್ಲ.

ಶಿರಸಿಯ ಥಂಡಿ ಬಹುಪಾಲು ಶಿರಸಿಯದೇ. ಆಕಾಶ ತಿಳಿಯಾಗಿರಬೇಕು, ಗಾಳಿ ಒಣಗಿರಬೇಕು, ರಾತ್ರಿ ಬೀಸು ಕಡಿಮೆ ಇರಬೇಕು. ಆಗ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಬಿಡುತ್ತದೆ, ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಹರಿಯುತ್ತದೆ. ಅಡಿಕೆ ತೋಟ ಇರುವುದೂ ತಗ್ಗಿನಲ್ಲೇ. ಮೇಲಿನ ಬೆಟ್ಟದಲ್ಲಿ ಸುಮಾರಾಗಿ ಇದ್ದಾಗಲೂ ಬೆಳಗ್ಗೆ ತೋಟಕ್ಕೆ ಇಳಿದರೆ ಹಲ್ಲು ಕಟಕಟ ಅನ್ನುತ್ತದೆ ಎಂಬುದು ಅಡಿಕೆ ಕೊನೆ ಕೊಯ್ಯಿಸುವವರಿಗೆಲ್ಲ ಗೊತ್ತು. ಉತ್ತರ ಭಾರತದ ಮೇಲೆ ಪಶ್ಚಿಮದ ಮಳೆಮಾರುತ ಹಾದುಹೋದ ಮೇಲೆ ಅಲ್ಲಿನ ಥಂಡಿ ಗಾಳಿ ಸ್ವಲ್ಪ ಕೆಳಗೆ ಇಳಿದರೆ ನಮಗೂ ಒಂದು ಪಾಲು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಮೋಡ ಮುಚ್ಚಿದರೆ ಥಂಡಿ ಮಾಯ. ಅಂಗಳದಲ್ಲಿ, ಅಟ್ಟದ ಮೇಲೆ ಒಣಗಲು ಹಾಕಿದ ಅಡಿಕೆಗೆ ಟಾರ್ಪಾಲು ಹುಡುಕುವ ಓಡಾಟ ಶುರು. ಅಂಕೋಲಾದ ಕರಿ ಇಶಾಡ ಮಾವಿಗೂ ಹೂ ಬಿಡಲು ತಂಪು ರಾತ್ರಿಗಳು ಬೇಕು, ಮೋಡ ಬಂದರೆ ಹೂವಿಗೆ ರೋಗ. ಅಡಿಕೆಯವನಾಗಲಿ ಮಾವಿನವನಾಗಲಿ ನೋಡಬೇಕಾದದ್ದು ಬಂಗಾಳ ಕೊಲ್ಲಿಯನ್ನು. ಉತ್ತರ ಧ್ರುವದ ಸುದ್ದಿ ಸುಮ್ನೆ ಓದಲಿಕ್ಕೆ ಚೆಂದ.

ಆದರೂ ನಮಗೂ ಧ್ರುವಕ್ಕೂ ಏನೇನೂ ಸಂಬಂಧ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಧ್ರುವದಲ್ಲಿ ಗಾಳಿ ಇಳಿಯಬೇಕಾದರೆ ಬೇರೆಲ್ಲೋ ಏರಲೇಬೇಕು. ಅದು ಏರುವುದು ಉಷ್ಣವಲಯದಲ್ಲಿ, ಅಂದರೆ ನಮ್ಮ ಮೇಲೆ. ಏರಿದ ಗಾಳಿ ತಣ್ಣಗಾಗುತ್ತದೆ. ಧ್ರುವದ ಸ್ಟ್ರಾಟೋಸ್ಫಿಯರ್ ಕಾಯುವ ದಿನಗಳಲ್ಲೇ ಉಷ್ಣವಲಯದ ಸ್ಟ್ರಾಟೋಸ್ಫಿಯರ್ ಕೆಲವು ಡಿಗ್ರಿ ತಂಪಾಗುವುದನ್ನು ಉಪಗ್ರಹಗಳು ತೋರಿಸಿವೆ. ಅಲ್ಲಿನ 50ಕ್ಕೆ ಇಲ್ಲಿ ಬೆರಳೆಣಿಕೆ ಡಿಗ್ರಿ ಯಾಕೆಂದರೆ ಉಷ್ಣವಲಯದ ಹರವು ದೊಡ್ಡದು, ಅದೇ ಗಾಳಿ ಹೆಚ್ಚು ಜಾಗದಲ್ಲಿ ಹಂಚಿಹೋಗುತ್ತದೆ.

ಇನ್ನೂ ಮೇಲೆ, ಸುಮಾರು 100 ಕಿ.ಮೀ. ಎತ್ತರದಲ್ಲಿ, ಭೂಮಿಯ ಕಾಂತೀಯ ಸಮಭಾಜಕದ ಗುಂಟ ಹಗಲು ಹೊತ್ತು ಪೂರ್ವಕ್ಕೆ ವಿದ್ಯುತ್ ಹರಿಯುತ್ತದೆ. ಆ ರೇಖೆ ದಕ್ಷಿಣ ಭಾರತದ ತುದಿಯಲ್ಲಿ ಹಾದುಹೋಗುತ್ತದೆ. 1963ರಲ್ಲಿ ಮೊದಲ ರಾಕೆಟ್ ಹಾರಿದ ಕೇರಳದ ತುಂಬಾವನ್ನು ಆರಿಸಿಕೊಂಡದ್ದು ಅದು ಈ ರೇಖೆಯ ಹತ್ತಿರ ಇದೆ ಎಂದೇ. ಧ್ರುವದ ಸುಳಿ ಒಡೆದ ದಿನಗಳಲ್ಲಿ ಈ ಹರಿವು ಬೆಳಗ್ಗೆ ಬಲವಾಗುವುದು, ಮಧ್ಯಾಹ್ನ ದುರ್ಬಲವಾಗಿ ಕೆಲವೊಮ್ಮೆ ತಿರುಗಿ ಹರಿಯುವುದು ಕಂಡುಬಂದಿದೆ. ಚಂದ್ರನ ಸೆಳೆತದಿಂದ ಮೇಲಿನ ಗಾಳಿಯಲ್ಲೂ ಭರತ-ಇಳಿತ ಇದೆ, ಆ ದಿನಗಳಲ್ಲಿ ಅದಕ್ಕೆ ಬಲ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ನೀರಿನ ಲೆಕ್ಕ ಗೊತ್ತಿರುವ ನಮ್ಮ ಮೀನುಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅವರ ಬೋಟಿನ ಜಿಪಿಎಸ್‌ಗೆ ಬರುವ ಸಂಕೇತ ಇದೇ ಪದರ ಹಾದು ಬರುತ್ತದೆ. ಬೋಟು ದಾರಿ ತಪ್ಪುತ್ತದೆ ಎಂದಲ್ಲ. ಆದರೆ ಧ್ರುವದ ಚಳಿಗಾಲ ನಮ್ಮನ್ನು ಮುಟ್ಟುವ ಜಾಗ ಯಾವುದು ಎಂದು ಕೇಳಿದರೆ, ತೋಟದ ಬೆಳಗಿನ ಥಂಡಿಗಿಂತ ಮೊದಲು ನಾನು ಇದನ್ನೇ ತೋರಿಸುತ್ತೇನೆ.

ಬಿಸಿಯಾಗದಿದ್ದರೆ ಏನಾಗುತ್ತದೆ

ಸುದ್ದಿಯಾಗುವುದು ಬಿಸಿಯಾದಾಗ. ನನ್ನ ಕೇಳಿದರೆ ಹೆಚ್ಚು ಚಿಂತೆ ಮಾಡಬೇಕಾದದ್ದು ಬಿಸಿಯಾಗದಿದ್ದಾಗ. ಧ್ರುವದ ಸ್ಟ್ರಾಟೋಸ್ಫಿಯರ್ ಮೈನಸ್ 78 ಡಿಗ್ರಿಗಿಂತ ಕೆಳಗೆ ಹೋದರೆ ಅಲ್ಲಿ ತೆಳು ಮೋಡ ಕಟ್ಟುತ್ತದೆ. ಮುತ್ತಿನ ಚಿಪ್ಪಿನ ಒಳಮೈಯ ಬಣ್ಣ, ನೋಡಲು ಬಲು ಚೆಂದ. ಆದರೆ ಆ ಮೋಡದ ಕಣಗಳ ಮೇಲೆ, ಹಳೆಯ ಫ್ರಿಜ್ಜು, ಸ್ಪ್ರೇ ಡಬ್ಬಿಗಳಿಂದ ಹೋಗಿ ಸೇರಿದ ಕ್ಲೋರಿನ್ ಸಿದ್ಧವಾಗಿ ಕೂರುತ್ತದೆ. ವಸಂತದಲ್ಲಿ ಸೂರ್ಯ ಬಂದ ಕೂಡಲೇ ಓಝೋನನ್ನು ತಿನ್ನಲು ಶುರುಮಾಡುತ್ತದೆ. ದಕ್ಷಿಣದಲ್ಲಿ ಅಲೆ ಎಬ್ಬಿಸುವ ಹಿಮಾಲಯದಂಥದ್ದು ಇಲ್ಲ, ಸುತ್ತ ಬರೀ ಸಮುದ್ರ. ಹಾಗಾಗಿ ಸುಳಿ ಅಲುಗಾಡುವುದಿಲ್ಲ, ಚಳಿ ಬಿಡುವುದಿಲ್ಲ. ಅದಕ್ಕೇ ಓಝೋನ್ ರಂಧ್ರ ಬಿದ್ದದ್ದು ಅಂಟಾರ್ಕ್ಟಿಕಾದ ಮೇಲೆ. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಜೋ ಫಾರ್ಮನ್, ಬ್ರಿಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಅದನ್ನು ಜಗತ್ತಿಗೆ ತಿಳಿಸಿದರು. ಎರಡೇ ವರ್ಷದಲ್ಲಿ, 1987ಕ್ಕೆ, ಓಝೋನ್ ತಿನ್ನುವ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು.

2019ರ ಸೆಪ್ಟೆಂಬರ್‌ನಲ್ಲಿ ಅಪರೂಪಕ್ಕೆ ದಕ್ಷಿಣದ ಆಕಾಶ ಕಾಯಿತು. ಆ ವರ್ಷದ ಓಝೋನ್ ರಂಧ್ರ 1980ರ ದಶಕದ ಆರಂಭದಿಂದೀಚೆಗೆ ಅತಿ ಚಿಕ್ಕದು. "ಓಝೋನ್ ಗುಣವಾಯಿತು" ಎಂದು ಕೆಲವರು ಸಿಹಿ ಹಂಚಿದರು. ಆ ಸಲ ಮುಖ್ಯ ಕಾರಣ ಗಾಳಿಯ ಇಳಿತ. 2020ರ ಆರಂಭದಲ್ಲಿ ಉತ್ತರದಲ್ಲಿ ಉಲ್ಟಾ. ಸುಳಿ ಬಲವಾಗಿ, ತಣ್ಣಗೆ, ಒಡೆಯದೆ ಉಳಿಯಿತು. ಮಾರ್ಚ್‌ನಲ್ಲಿ ಆರ್ಕ್ಟಿಕ್ ಮೇಲೆ ಹಿಂದೆಂದೂ ಕಾಣದಷ್ಟು ಓಝೋನ್ ಕರಗಿತು. ಅಂಟಾರ್ಕ್ಟಿಕಾದ ಓಝೋನ್ 1980ರ ಮಟ್ಟಕ್ಕೆ ಮರಳಲು 2066ರ ಸುಮಾರಾಗಬಹುದು ಎಂಬುದು ವಿಶ್ವಸಂಸ್ಥೆಯ ತಜ್ಞರ ಅಂದಾಜು.

ಇದನ್ನೆಲ್ಲ ಅಳೆಯುವವರಲ್ಲಿ ನಮ್ಮ ನೆರೆಯವರೂ ಇದ್ದಾರೆ. ಕಾಳಿ ನದಿ ದಾಟಿ ಗೋವಾಕ್ಕೆ ಹೋದರೆ ವಾಸ್ಕೋದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ನೆಲೆಗಳು, ಆರ್ಕ್ಟಿಕ್‌ನ ಹಿಮಾದ್ರಿ ಇದರ ಉಸ್ತುವಾರಿಯಲ್ಲೇ ನಡೆಯುತ್ತವೆ. ಹಿಮಾದ್ರಿಗೆ ಮೊದಲೆಲ್ಲ ಬೇಸಿಗೆಯಲ್ಲೇ ಹೋಗುತ್ತಿದ್ದರು. 2023ರ ಡಿಸೆಂಬರ್‌ನಿಂದ ಚಳಿಗಾಲದ ಕತ್ತಲಲ್ಲೂ ತಂಡ ಹೋಗುತ್ತಿದೆ.

ಈಗ ಕೊನೆಯ ಗಂಟು. ದಿನಗಳ ಲೆಕ್ಕ ಬಿಟ್ಟು ದಶಕಗಳ ಲೆಕ್ಕ ಹಿಡಿದರೆ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ನೆಲ ಕಾಯುತ್ತಿದೆ, ಮೇಲೆ ತಂಪಾಗುತ್ತಿದೆ. ಕೇಳಲು ವಿರುದ್ಧ ಅನ್ನಿಸಿದರೂ ಕಾರಣ ಒಂದೇ, ಇಂಗಾಲದ ಡೈಆಕ್ಸೈಡ್. ಕೆಳಗೆ ಅದು ನೆಲದ ಶಾಖವನ್ನು ತಡೆಯುತ್ತದೆ. ಮೇಲೆ, ತೆಳು ಗಾಳಿಯಲ್ಲಿ, ಅದೇ ಅನಿಲ ಶಾಖವನ್ನು ಬಾಹ್ಯಾಕಾಶಕ್ಕೆ ಸಾಗಹಾಕುತ್ತದೆ. 1967ರಲ್ಲೇ ಸ್ಯೂಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಲೆಕ್ಕ ಹಾಕಿ ಹೀಗಾಗುತ್ತದೆ ಎಂದಿದ್ದರು. ಮನಾಬೆಗೆ 2021ರಲ್ಲಿ ನೊಬೆಲ್ ಬಂತು. ಭೂಮಿ ಕಾಯಲು ಸೂರ್ಯನೇ ಕಾರಣ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸೂರ್ಯ ಕಾರಣವಾಗಿದ್ದರೆ ಮೇಲೂ ಕೆಳಗೂ ಒಟ್ಟಿಗೆ ಕಾಯಬೇಕಿತ್ತು. ಓಝೋನ್ ಕಡಿಮೆಯಾದದ್ದೂ ಈ ತಂಪಿಗೆ ಸೇರಿದೆ, ಆದರೆ ತುಂಬಾ ಮೇಲಿನ ಪದರಗಳಲ್ಲಿ ಮುಖ್ಯ ಪಾಲು ಈ ಅನಿಲದ್ದು.

ಹಾಗಾದರೆ ಭೂಮಿ ಕಾದಂತೆ ಧ್ರುವದ ಸುಳಿ ಹೆಚ್ಚು ಸಲ ಒಡೆಯುತ್ತದೆಯೇ? ಒಂದು ಗುಂಪು ಹೌದು ಎನ್ನುತ್ತದೆ. ಆರ್ಕ್ಟಿಕ್ ಹಿಮ ಕಡಿಮೆಯಾದರೆ ಅಲೆಗಳು ಜೋರಾಗುತ್ತವೆ ಎಂಬುದು ಅವರ ವಾದ. ಕಂಪ್ಯೂಟರ್ ಮಾದರಿಗಳು ಒಪ್ಪುತ್ತಿಲ್ಲ. ಕೆಲವು ಹೆಚ್ಚುತ್ತದೆ ಎನ್ನುತ್ತವೆ, ಕೆಲವು ತಗ್ಗುತ್ತದೆ ಎನ್ನುತ್ತವೆ. ಇತ್ತೀಚೆಗೆ ಪದೇ ಪದೇ ಆಗುತ್ತಿದೆ, ನೋಡಿ, 2024ರಲ್ಲಿ ಜನವರಿಯಲ್ಲೊಮ್ಮೆ ಮಾರ್ಚ್‌ನಲ್ಲೊಮ್ಮೆ ಆಯಿತು, 2025ರ ಮಾರ್ಚ್‌ನಲ್ಲಿ ಮತ್ತೆ ಆಯಿತು ಎಂದು ಬೆರಳು ಮಡಚುವವರಿಗೆ ಹಳೆಯ ಪಟ್ಟಿ ತೋರಿಸಬೇಕು. ಸರಾಸರಿ ಹತ್ತು ವರ್ಷಕ್ಕೆ ಆರು ಸಲ ಆಗುವ ಘಟನೆ ಇದು. ಹಾಗಿದ್ದೂ 1989ರ ಫೆಬ್ರವರಿಯಲ್ಲಿ ಆದ ಮೇಲೆ 1998ರ ಡಿಸೆಂಬರ್ ತನಕ, ಒಂಬತ್ತು ಚಳಿಗಾಲ, ಸುಳಿ ಒಂದೇ ಒಂದು ಸಲವೂ ಹಾಗೆ ಒಡೆಯಲಿಲ್ಲ. ಆಗ ಯಾರಾದರೂ ಬೆರಳು ಮಡಚಿದ್ದರೆ ಸುಳಿ ಒಡೆಯುವುದೇ ನಿಂತುಹೋಯಿತು ಎಂದು ಬರೆದಿಡುತ್ತಿದ್ದರು.